ಮುತ್ತಿನ ನಿಜವೂ ಮಾತಿನ ನಿಜವೂ

ಕಾಣದ ವಸ್ತುವನ್ನು ಕೊಳ್ಳುವವನು ಪರೀಕ್ಷಿಸಬೇಕಾದುದು ಏನನ್ನು? ವಸ್ತುವನ್ನೆಂದರೆ ಅದಿನ್ನೂ ಕೈಗೆ ಬಂದಿಲ್ಲ; ಮಾರುವವನನ್ನೆಂದರೆ ಅವನ ಮುಖವನ್ನು ಕಂಡುದಿಲ್ಲ. ಮನೆಯಲ್ಲಿ ಕುಳಿತೇ ಅಂತರ್ಜಾಲದ ಮೂಲಕ ಒಡವೆಗಳನ್ನು ತರಿಸಿಕೊಳ್ಳುವ ಪದ್ಧತಿ ಈಗ ರೂಢಿಯಾಗಿರುವುದರಿಂದ ಈ ಪ್ರಶ್ನೆ ತಾರ್ಕಿಕರ ವಿನೋದವಾಗಿ ಉಳಿದಿಲ್ಲ. ಬಂಗಾರಕ್ಕಾದರೆ ಒರೆಗಲ್ಲುಂಟು, ಮುದ್ರೆಯುಂಟು. ಮುತ್ತಿಗೆ ಒರೆಗಲ್ಲಿಲ್ಲ. ಅದರಲ್ಲಿಯೂ ಜಪಾನಿನ ಅಕೋಯ ಚಿಪ್ಪಿನ ಮುತ್ತುಗಳಲ್ಲಿ ಶ್ರೇಷ್ಠವೆನಿಸಿದ ‘ಹನದಮ’, ಎಂದರೆ ಹೂಮುತ್ತು, ಎಂಬ ಹೆಸರಿನ ಸರವೊಂದು ಚಿತ್ರದಲ್ಲಿ ಹೊಳೆಯುತ್ತಿರುವಾಗ, ಅದು ಹೆಸರಿಗೆ ತಕ್ಕುದೋ ಅಲ್ಲವೋ ಎಂದು ನಿರ್ಣಯಿಸಬಲ್ಲ ಕಣ್ಣು ಎಷ್ಟು ಮಂದಿಗುಂಟು?

ನಮ್ಮ ಹಿಂದಿನವರು ಈ ವಿಷಯದಲ್ಲಿ ಅಲಕ್ಷ್ಯದಿಂದಿದ್ದವರಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ರಾಜಕೋಶಕ್ಕೆ ಸೇರತಕ್ಕ ರತ್ನಗಳ ಪರೀಕ್ಷೆಯನ್ನು ಹೇಳುವಾಗ ಮೊದಲು ಬರುವುದು ಮುತ್ತೇ. ತಾಮ್ರಪರ್ಣಿಯದು, ಪಾಂಡ್ಯಕವಾಟದ್ದು ಎಂದು ಹುಟ್ಟಿದೆಡೆಗಳನ್ನು ಎಣಿಸಿ, ದಪ್ಪನಾಗಿ, ದುಂಡಗಾಗಿ, ಎಲ್ಲಿಟ್ಟರೂ ನಿಲ್ಲದೆ ಉರುಳುವಂತೆ ತಳವಿಲ್ಲದುದಾಗಿ, ಹೊಳಪು ಬಿಳುಪು ತೂಕ ನುಣುಪುಗಳಿಂದ ಕೂಡಿ, ತಕ್ಕ ಸ್ಥಾನದಲ್ಲಿ ರಂಧ್ರವುಳ್ಳುದೇ ಪ್ರಶಸ್ತವೆಂದು ಅಲ್ಲಿ ವಿಧಿಸಿದೆ. ರಂಧ್ರದ ಮಾತು ಬಂದುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದರಿಂದ ಪ್ರಯೋಜನವುಂಟು. ಗರುಡಪುರಾಣದ ರತ್ನಪ್ರಕರಣವಾದರೋ ಇನ್ನೂ ಮುಂದೆ ಹೋಗಿ ಕೃತ್ರಿಮದ ಸಂದೇಹ ಬಂದಾಗ ಮಾಡತಕ್ಕುದನ್ನೇ ಹೇಳುತ್ತದೆ: ಉಪ್ಪೂ ಜಿಡ್ಡೂ ಸೇರಿದ ಬಿಸಿನೀರಿನಲ್ಲಿ ಮುತ್ತನ್ನು ಒಂದು ರಾತ್ರಿ ನೆನೆಯಿಡಬೇಕು, ಇಲ್ಲವೆ ಒಣಬಟ್ಟೆಯಲ್ಲಿ ಸುತ್ತಿ ಬತ್ತದಿಂದ ಉಜ್ಜಬೇಕು, ಬಣ್ಣಗೆಡದೆ ನಿಂತುದು ಅಕೃತ್ರಿಮ. ಎಂದಮೇಲೆ ಕಳ್ಳಮುತ್ತು ಇಂದಿನ ಸೃಷ್ಟಿಯಲ್ಲವೆಂಬುದು ಸ್ಪಷ್ಟವಾಯಿತು.

ಆದರೆ ಅದೇ ಪರೀಕ್ಷೆಯನ್ನು ಈಗ ಪ್ರಯೋಗಿಸಿದರೆ ಒಂದು ಸೋಜಿಗ ಕಾಣುತ್ತದೆ. ಸಾಕಿದ ಚಿಪ್ಪಿನ ಮುತ್ತು ಆ ಪರೀಕ್ಷೆಯಲ್ಲಿ ಸೋಲುವಂತಿಲ್ಲ. ಏಕೆಂದರೆ ಅದರ ಮೇಲ್ಪದರ ಬಣ್ಣವಲ್ಲ, ಚಿಪ್ಪಿನ ಜೀವಿಯೇ ಪದರಪದರವಾಗಿ ಸುರಿಸಿದ ಮುತ್ತಿನ ದ್ರವ್ಯ. 1893ರಲ್ಲಿ ಮಿಕಿಮೊಟೊ ಕೊಕಿಚಿ ಎಂಬಾತ ಜಪಾನಿನ ಮಿಯೆ ಪ್ರಾಂತದ ಕಡಲಲ್ಲಿ ಅರೆಗೋಲದ ಮುತ್ತನ್ನು ಬೆಳೆಸಿದನು. ಬಳಿಕ ಪೂರ್ಣಗೋಲದವೂ ಬಂದವು. ಸಿಹಿನೀರಿನ ಮಳಿಯ ಚಿಪ್ಪಿನಿಂದ, ಅದೂ ಅಮೆರಿಕದ ಮಿಸಿಸಿಪಿ ನದೀಪ್ರದೇಶದ ಚಿಪ್ಪಿನಿಂದ, ಕಡೆದ ಗುಂಡನ್ನು ಒಂದು ತುಣುಕು ಅಂಗಾಂಶದೊಡನೆ ಜೀವಿಯ ಒಡಲಲ್ಲಿಟ್ಟು ಕಡಲಿಗಿಳಿಸುವುದು ಆ ವಿಧಾನ. ಸ್ವಾತಿಯ ಹನಿ ಚಿಪ್ಪಿನಲ್ಲಿ ಬಿದ್ದು ಮುತ್ತಾಗುವುದೆಂಬುದು ಕವಿಸಮಯ. ಮರಳಿನ ಕಣದಿಂದಾಗುವುದೆಂಬುದೂ ಹೆಚ್ಚುಕಡಮೆ ಅಂತಹದೇ ಕವಿಸಮಯವೆನ್ನಬೇಕು. 1921ರಲ್ಲಿ ಈ ದುಂಡುಮುತ್ತುಗಳು ಲಂಡನ್ನಿನ ಪೇಟೆಯಲ್ಲಿ ಕಾಣಿಸಿಕೊಂಡಾಗ ಅಲ್ಲಿಯ ವರ್ತಕರು ಇವು ವಂಚನೆಯೆಂದು ಕೂಗೆಬ್ಬಿಸಿದರು.

ಅವರ ಕೂಗು ಸರಿಯೆ? ಅರ್ಧ ಸರಿ. ಕಡಲಲ್ಲಿ ತಾನಾಗಿ ಹುಟ್ಟಿದ ಮುತ್ತೆಂದು ಹೇಳಿ ಸಾಕಿದ ಮುತ್ತನ್ನು ಮಾರಿದರೆ ಅದು ವಂಚನೆಯೇ. ಸಾಕಿದ್ದೆಂದು ಹೇಳಿ ಮಾರಿದರೆ ವಂಚನೆ ಎಲ್ಲಿಂದ ಬಂದಿತು? ಮುತ್ತು ಒಂದೇ, ಕಡಲು ಒಂದೇ, ಬೆಲೆಯೂ ಒಂದೇ ಆಗಿರಬಹುದು; ಒಂದೆಡೆ ಅದು ನಿಜ, ಇನ್ನೊಂದೆಡೆ ಸುಳ್ಳು. ಆದುದರಿಂದ ಕೃತ್ರಿಮತೆ ಇರುವುದು ವಸ್ತುವಿನಲ್ಲಲ್ಲ, ವಸ್ತುವಿಗೂ ಅದಕ್ಕಿಟ್ಟ ಹೆಸರಿಗೂ ನಡುವಿನ ಬಿರುಕಿನಲ್ಲಿ. ರತ್ನವ್ಯಾಪಾರಿಗಳ ಅಂತರರಾಷ್ಟ್ರೀಯ ಮಂಡಲವಾದ ಸಿಬ್ಜೊ ಸಂಸ್ಥೆಯ ನಿಯಮವೂ ಇದನ್ನೇ ಅನುಸರಿಸಿದೆ: ಬರಿಯ ‘ಮುತ್ತು’ ಎಂಬ ಮಾತು ಸಹಜವಾದುದಕ್ಕೆ ಮಾತ್ರ ಮೀಸಲು, ಸಾಕಿದ್ದಕ್ಕೆ ‘ಸಾಕಿದ’ ಎಂಬ ವಿಶೇಷಣ ಸೇರಲೇಬೇಕು. ಶರಣರು ನುಡಿ ಹೇಗಿರಬೇಕೆಂಬುದಕ್ಕೆ ಮುತ್ತನ್ನು ಉಪಮಾನವಾಗಿ ತಂದರು. ಕಾಣದೆ ಕೊಳ್ಳುವ ಈ ವ್ಯವಹಾರದಲ್ಲಿ ಉಪಮೆ ತಲೆಕೆಳಗಾಗಿದೆ: ಮುತ್ತಿನ ಗತಿಯೇ ನುಡಿಯನ್ನು ನೆಚ್ಚಿ ನಿಂತಿದೆ.

ಹಾಗಾದರೆ ಪರೀಕ್ಷೆ ನುಡಿಯಿಂದಲೇ ಆರಂಭವಾಗಬೇಕು. ‘ಎಎಎ’ ಎಂದು ಮೂರಕ್ಷರ ಬರೆದುದನ್ನು ಕಂಡು ಅನೇಕರು ತೃಪ್ತರಾಗುತ್ತಾರೆ. ಆ ಅಕ್ಷರಗಳಿಗೆ ಲೋಕವೆಲ್ಲ ಒಪ್ಪಿದ ಅಳತೆಯಿಲ್ಲ. ಪ್ರತಿಯೊಬ್ಬ ವರ್ತಕನೂ ತನ್ನ ಸರಕಿಗೆ ತಾನೇ ಕೊಟ್ಟುಕೊಳ್ಳುವ ಬಿರುದು ಅದು. ‘ಹನದಮ’ ಎಂಬ ಹೆಸರೂ ಮೊದಲು ಸಾಗುವಳಿಗಾರರು ಕೊಯ್ಲಿನ ಶ್ರೇಷ್ಠವಾದವನ್ನು ಆರಿಸಿ ಕರೆಯುತ್ತಿದ್ದ ಮಾತು ಮಾತ್ರ. ಈಗ ಜಪಾನಿನ ಪ್ರಯೋಗಾಲಯಗಳು ಅದಕ್ಕೆ ಪತ್ರ ಕೊಡುತ್ತವೆ. ಟೋಕಿಯೋದ ಮುತ್ತು ವಿಜ್ಞಾನ ಪ್ರಯೋಗಾಲಯ ಮೇಲ್ಪದರ 0.4 ಮಿಲಿಮೀಟರಿಗೆ ಕಡಮೆಯಿಲ್ಲದಿರುವುದನ್ನೂ ಹೊಳಪನ್ನೂ ಮೈಯ ಕಲೆಗಳನ್ನೂ ನೋಡಿ ಹೆಸರು ಕೊಡುತ್ತದೆ. ಬೇರೆ ಪ್ರಯೋಗಾಲಯಗಳ ಅಳತೆ ಬೇರೆ. ಆದುದರಿಂದ ಪತ್ರವಿದೆಯೆ ಎಂದು ಕೇಳಿದರೆ ಸಾಲದು. ಯಾರು ಕೊಟ್ಟ ಪತ್ರ, ಯಾವ ಸಂಖ್ಯೆಯದು, ಅದರಲ್ಲಿ ಬರೆದ ಗಾತ್ರ ಕೈಗೆ ಬಂದ ಸರದೊಡನೆ ಒಪ್ಪುವುದೆ ಎಂದು ಕೇಳಬೇಕು. ಪತ್ರ ನಿಜವಾಗಿದ್ದು ಸರ ಬೇರೆಯಾಗಿರಬಹುದಷ್ಟೆ. ಸಂದೇಹವಿದ್ದರೆ ಪತ್ರ ಕೊಟ್ಟವರನ್ನೇ ವಿಚಾರಿಸುವುದು ಲೇಸು. ವರ್ತಕನ ಪ್ರತಿಜ್ಞೆಗಳಿಗಿಂತ ಅದು ಮೇಲು. ಭಾರತದಲ್ಲಿ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರುವವನು ವಸ್ತುವಿನ ಮೂಲದೇಶವನ್ನು ತಿಳಿಸತಕ್ಕುದು. ಆ ಸಾಲು ಖಾಲಿಯಿದ್ದರೆ ಅದೂ ಒಂದು ಉತ್ತರವೇ.

ಸರ ಕೈಗೆ ಬಂದಮೇಲೆ ಹಿಂದಿರುಗಿಸುವ ಅವಧಿ ಮುಗಿಯುವ ಮುನ್ನ ನೋಡಬೇಕಾದುವು ಕೆಲವುಂಟು. ಎರಡು ಮುತ್ತುಗಳನ್ನು ಮೆಲ್ಲಗೆ ಒಂದಕ್ಕೊಂದು ಉಜ್ಜಿದರೆ ನಿಜವಾದುವು ಸಣ್ಣ ಮರಳಿನಂತೆ ತರತರವಾಗಿ ತಾಕುತ್ತವೆ. ಗಾಜೂ ಪ್ಲಾಸ್ಟಿಕ್ಕೂ ಜಾರುತ್ತವೆ. ಹಲ್ಲಿನಿಂದ ಸವರಿ ನೋಡುವ ಹಳೆಯ ರೂಢಿಯ ತತ್ತ್ವವೂ ಇದೇ, ಆದರೆ ಮೈಗೆ ಗೀರು ಬೀಳುವ ಅಪಾಯವಿರುವುದರಿಂದ ಸಂಯಮ ಬೇಕು. ಇನ್ನು ರಂಧ್ರ. ಹತ್ತುಪಟ್ಟು ದೊಡ್ಡದಾಗಿ ಕಾಣಿಸುವ ಮಸೂರದಿಂದ ಅದರ ಅಂಚನ್ನು ನೋಡಿದರೆ, ಹುಸಿಮುತ್ತಿನಲ್ಲಿ ಬಣ್ಣದ ಲೇಪ ಸುಲಿದು ಒಳಗಿನ ಗಾಜು ಇಣುಕುತ್ತದೆ. ಸಾಕಿದ ಮುತ್ತಿನಲ್ಲಿ ಒಳಗುಂಡಿಗೂ ಮೇಲ್ಪದರಕ್ಕೂ ನಡುವೆ ತೆಳುವಾದ ಗೆರೆ ಕಾಣುತ್ತದೆ, ಪದರದ ದಪ್ಪವೂ ಅಲ್ಲಿಯೇ ಅಂದಾಜಿಗೆ ಸಿಕ್ಕುತ್ತದೆ. ದೀಪದ ಕೆಳಗೆ ಸರವನ್ನು ಹೊರಳಿಸಿದಾಗ ಮುತ್ತು ಒಮ್ಮೆ ಬೆಳಗಿ ಒಮ್ಮೆ ಮಂಕಾಗಿ ಮಿಣುಕಿದರೆ ಪದರ ತೆಳ್ಳಗಿದೆಯೆಂದು ತಿಳಿಯಬೇಕು. ಒಳಗಿನ ಚಿಪ್ಪಿನ ಪಟ್ಟೆಗಳೇ ಹಾಗೆ ಕಾಣುವುದು. ಎಲ್ಲ ಮುತ್ತುಗಳೂ ಅಚ್ಚಿನಲ್ಲಿ ಎರೆದಂತೆ ಒಂದೇ ಸಮನಾಗಿದ್ದರೆ ಸಂತೋಷಕ್ಕಿಂತ ಮೊದಲು ಸಂದೇಹ ಬರುವುದು ಉಚಿತ. ಇಷ್ಟಾದರೂ ಸಾಕಿದ್ದೋ ಸಹಜವೋ, ಕಡಲಿನದೋ ಚೀನದ ಸಿಹಿನೀರಿನದೋ ಎಂಬ ಸೂಕ್ಷ್ಮಗಳು ಮನೆಯಲ್ಲಿ ತೀರ್ಮಾನವಾಗುವಂತಹವಲ್ಲ. ಮೊದಲನೆಯದಕ್ಕೆ ಕ್ಷಕಿರಣದ ಪರೀಕ್ಷೆ ಬೇಕು. ಎರಡನೆಯದನ್ನು ಮುತ್ತಿನೊಳಗಿನ ಮ್ಯಾಂಗನೀಸಿನ ಪ್ರಮಾಣದಿಂದ ಪ್ರಯೋಗಾಲಯದವರು ಹೇಳಬಲ್ಲರು.

ಇಲ್ಲಿ ಒಬ್ಬ ಚತುರನು ಆಕ್ಷೇಪಿಸಬಹುದು: ‘ಧರಿಸಿದವಳಿಗೆ ಸಂತೋಷವಾಯಿತು, ನೋಡಿದವರಿಗೆ ಭೇದ ತಿಳಿಯಲಿಲ್ಲ, ಇನ್ನು ಹಾನಿಯಾದುದು ಯಾರಿಗೆ?’ ಕೇಳುವುದಕ್ಕೆ ಜಾಣ್ಮೆಯ ಮಾತು. ಆದರೆ ಹಾನಿ ತಿಳಿದಾಗ ಹುಟ್ಟುವುದಲ್ಲ, ಕೊಂಡ ದಿನವೇ ಆಗಿಹೋಗಿರುತ್ತದೆ. ರೋಗಿಗೆ ತಿಳಿಯದಿದ್ದ ಮಾತ್ರಕ್ಕೆ ರೋಗವಿಲ್ಲವೆನ್ನಲಾದೀತೆ? ಅದಲ್ಲದೆ ಇಲ್ಲಿ ಹಾನಿ ಕೊಂಡವಳೊಬ್ಬಳದೇ ಅಲ್ಲ. ಪದರ ದಪ್ಪಗಾಗಲೆಂದು ಕಾಯುವ ಸಾಗುವಳಿಗಾರನಿದ್ದಾನೆ. ಚಳಿಗಾಲದಲ್ಲಿ ನೀರು ತಣ್ಣಗಾದಾಗ ಹೊಳಪು ಹೆಚ್ಚುವುದರಿಂದ ಅವನು ಅಲ್ಲಿಯವರೆಗೆ ಕೊಯ್ಲನ್ನು ತಡೆದಿರುತ್ತಾನೆ; ಕಾದಷ್ಟೂ ಸಾಯುವ ಚಿಪ್ಪುಗಳ ನಷ್ಟ ಅವನದು. ಅವಸರದ ತೆಳುಮುತ್ತು ಅದೇ ಹೆಸರಿನಿಂದ ಮಾರಾಟವಾದರೆ ಅವನ ತಾಳ್ಮೆಗೆ ಬೆಲೆಯೇನು ಉಳಿಯಿತು? 1932ರಲ್ಲಿ ಮಿಕಿಮೊಟೊ ಕೋಬೆ ನಗರದ ವಾಣಿಜ್ಯ ಮಂಡಲದ ಮುಂದೆ 135 ಕಿಲೋಗ್ರಾಮಿನಷ್ಟು ಕೀಳುಮುತ್ತನ್ನು ಬೆಂಕಿಗೆ ಹಾಕಿಸಿದನು. ಅದರಲ್ಲಿ ಜಾಹೀರಾತಿನ ಅಂಶವೂ ಇದ್ದೀತು. ಇದ್ದರೂ ಸುಟ್ಟ ಮುತ್ತು ಪೇಟೆಗೆ ಬರಲಿಲ್ಲವೆಂಬುದು ದಿಟ.

ಕೊಳ್ಳುವವನ ಪಾಲನ್ನೂ ಮರೆಯುವಂತಿಲ್ಲ. ಉತ್ತಮ ದರ್ಜೆಯ ಸರ ಹತ್ತರಲ್ಲೊಂದು ಬೆಲೆಗೆ ಬರುವುದೆಂದಾಗ ಅವನ ಬುದ್ಧಿ ಬೇಡವೆಂದಿರುತ್ತದೆ. ಬೆರಳು ಮಾತ್ರ ಒತ್ತಿಬಿಟ್ಟಿರುತ್ತದೆ. ಅಂತಹವನನ್ನು ಶುದ್ಧ ವಂಚಿತನೆನ್ನುವುದಕ್ಕೆ ಮನಸ್ಸು ಹಿಂಜರಿಯುತ್ತದೆ. ಆದರೂ ಅವನ ಆಸೆ ಮಾರಿದವನ ಸುಳ್ಳನ್ನು ಕ್ಷಮ್ಯವಾಗಿಸುವುದಿಲ್ಲ.

ಎಲ್ಲಕ್ಕಿಂತ ಕಠಿನವಾದ ಗಳಿಗೆ ಆಮೇಲಿನದು. ಸರ ಹುಸಿಯೆಂದು ತಿಳಿಯಿತು, ಹಿಂದಿರುಗಿಸುವ ಕಾಲ ಕಳೆಯಿತು, ಮಗಳ ಮದುವೆ ಹತ್ತಿರ ಬಂದಿತು. ತಾಯಿಯಾದವಳು ಬಾಯಿಮುಚ್ಚಿ ಅದನ್ನೇ ಮುತ್ತೆಂದು ಮಗಳ ಕೊರಳಿಗೆ ಹಾಕಿದರೆ? ಅಲ್ಲಿಯವರೆಗೆ ಸುಳ್ಳು ಕಾಣದ ವರ್ತಕನದಾಗಿತ್ತು. ಆ ಕ್ಷಣದಿಂದ ತಾಯಿಯದಾಯಿತು. ಕಷ್ಟಕಾಲದಲ್ಲಿ ಮಗಳು ಅದನ್ನು ಅಡವಿಡಲು ಹೋಗಿ ಅಂಗಡಿಯವನ ಮುಂದೆ ತಲೆತಗ್ಗಿಸುವ ದಿನ ದೂರವಿರಲಾರದು. ಗಾಜಿನ ಮಣಿಯೆಂದೇ ಹೇಳಿ ಕೊಟ್ಟರೆ ಅದರಲ್ಲಿ ಅವಮಾನವೇನೂ ಇಲ್ಲ. ಮೀನಿನ ಪರೆಯ ಹೊಳಪನ್ನು ಗಾಜಿನ ಗುಂಡಿಗೆ ತುಂಬಿ ಮಾಡಿದ ಸರಗಳನ್ನು ಪ್ಯಾರಿಸಿನವರು 17ನೆಯ ಶತಮಾನದಿಂದಲೂ ಧರಿಸುತ್ತ ಬಂದವರೇ. ಪೆಟ್ಟಿಗೆಯೊಳಗೆ ಒಂದು ಚೀಟಿಯನ್ನಿಟ್ಟರೆ ಆಯಿತು: ಇಂತಹ ವರ್ಷ ಇಂತಹವರಿಂದ ಕೊಂಡದ್ದು, ಮುತ್ತೆಂದು ಹೇಳಿ ಕೊಟ್ಟರು, ರಂಧ್ರದಲ್ಲಿ ಗಾಜು ಕಂಡಿತು.