ಮೆಲ್ಲನೆ ಸಾಗುವವನ ಶಿವಪಥ

ಜಂಗಮವೆಂದರೆ ಚಲಿಸುವುದು. ಆದರೆ ಚಲಿಸುವುದೆಲ್ಲವೂ ಜಂಗಮವಾಗಲಾರದು. ಗಾಳಿಗೆ ಸಿಕ್ಕ ತರಗೆಲೆಯೂ ಚಲಿಸುತ್ತದೆ. ಸರಕು ಹೊತ್ತು ಸಂತೆಯಿಂದ ಸಂತೆಗೆ ಹೋಗುವ ಎತ್ತೂ ಚಲಿಸುತ್ತದೆ. ಅರಿವನ್ನು ಹೊತ್ತು ಅಹಂಕಾರವನ್ನಿಳುಹಿ ನಡೆಯುವ ನಡೆಗೆ ಮಾತ್ರ ಶಿವಶರಣರು ಜಂಗಮವೆಂಬ ಹಿರಿಯ ಹೆಸರನ್ನಿತ್ತರು. ಅಷ್ಟಾವರಣಗಳಲ್ಲಿ ಗುರುಲಿಂಗಗಳೊಡನೆ ಜಂಗಮಕ್ಕೂ ಸ್ಥಾನ ದೊರೆತುದರ ಮರ್ಮವಿದು.

ಸದ್ಭಕ್ತರ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಓದು ಮುಗಿಸಿ ಉದ್ಯೋಗ ಹಿಡಿದ ಮಗನು ಒಂದು ದಿನ, ತಾನು ಸೈಕಲ್ಲನ್ನೇರಿ ಪರದೇಶಗಳನ್ನು ಸುತ್ತಿ ಬರುವೆನೆನ್ನುತ್ತಾನೆ. ತಾಯಿ ಕಣ್ಣೀರಿಡುತ್ತಾಳೆ. ತಂದೆಯು, "ವಿಮಾನವಿರುವಾಗ ಇದೆಂತಹ ಹುಚ್ಚು, ತಮ್ಮಾ?" ಎಂದು ಗದರುತ್ತಾನೆ. ಈ ಬಯಕೆ ಬರಿಯ ಹುಚ್ಚೋ, ಅದರಲ್ಲಿ ಸಾಧನೆಯ ಬೀಜವೇನಾದರೂ ಇದೆಯೋ? ಗೃಹಸ್ಥರು ಕೋಪಕ್ಕಾಗಲಿ ಮೋಹಕ್ಕಾಗಲಿ ಒಳಗಾಗದೆ ವಿಚಾರಿಸಬೇಕಾದ ಸಂಗತಿಯಿದು.

ಈ ಸಾಹಸವು ಹೊಸದೇನಲ್ಲ. 1884ರಲ್ಲಿ ಥಾಮಸ್ ಸ್ಟೀವನ್ಸ್ ಎಂಬವನು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು, ಮುಂದೆ ಆಳೆತ್ತರದ ಗಾಲಿ, ಹಿಂದೆ ಚಿಕ್ಕ ಗಾಲಿಯುಳ್ಳ ಅಂದಿನ ಸೈಕಲ್ಲಿನ ಮೇಲೆ ನಮ್ಮ ದೇಶವನ್ನೂ ಹಾಯ್ದು, 1886ರಲ್ಲಿ ಜಪಾನನ್ನು ಮುಟ್ಟಿದನು. 1923ರಲ್ಲಿ ಮುಂಬಯಿಯ ಆರು ಜನ ಪಾರಸಿ ತರುಣರು ಲೋಕವನ್ನು ಸುತ್ತಲು ಹೊರಟರು. ಅದಿ ಹಕೀಮ, ಜಾಲ್ ಬಾಪಾಸೋಲಾ, ರುಸ್ತುಮ್ ಭುಮ್ಗಾರಾ ಈ ಮೂವರು ಮಾತ್ರ ಮರುಭೂಮಿಗಳನ್ನೂ ಹಿಮದ ಘಟ್ಟಗಳನ್ನೂ ದಾಟಿ, ಸುಮಾರು 71,000 ಕಿಲೋಮೀಟರು ತುಳಿದು, 1928ರಲ್ಲಿ ಮರಳಿ ಮುಂಬಯಿಯನ್ನು ಸೇರಿದರು. ಅಂದು ಆಳುವವರು ಪರಕೀಯರು. ಕೈಯಲ್ಲಿ ದೊಡ್ಡ ಹಣವಿಲ್ಲ. ಗುರುತಿಲ್ಲದ ಜನರು ಕೊಟ್ಟ ನೀರು, ಅನ್ನ, ಮಲಗಲೊಂದು ಮೂಲೆ, ಇವೇ ಅಂತಹ ಪಯಣಿಗರ ನಿಜವಾದ ಸಂಪತ್ತು.

ದೂರದಿಂದ ಮೆಲ್ಲನೆ ನಡೆದು ಬಂದವರ ಮಹಿಮೆಯನ್ನು ಶರಣಧರ್ಮಕ್ಕೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಕಾಶ್ಮೀರದ ಅರಸುತನವನ್ನು ತೊರೆದು ಕಲ್ಯಾಣಕ್ಕೆ ಬಂದ ಮೋಳಿಗೆಯ ಮಾರಯ್ಯನು ಕಟ್ಟಿಗೆಯ ಹೊರೆ ಮಾರುವ ಕಾಯಕ ಹಿಡಿದನೆಂದು ಸಂಪ್ರದಾಯವು ಹೇಳುತ್ತದೆ. ಇಂದಿನ ಆಫ್ಘಾನಿಸ್ತಾನದ ಕಡೆಯಿಂದ ಬಂದವನೆಂದು ಹೇಳಲಾಗುವ ಮರುಳಶಂಕರದೇವನು ಮಹಾಮನೆಯ ಪ್ರಸಾದಕುಂಡದ ಬಳಿ ಹನ್ನೆರಡು ವರ್ಷ ಯಾರ ಕಣ್ಣಿಗೂ ಬೀಳದೆ ಸೇವೆಗೈದನು. ಅಕ್ಕಮಹಾದೇವಿಯು ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲದ ಕದಳಿಗೆ ಒಂಟಿಯಾಗಿ ನಡೆದಳು. ಹೆಣ್ಣುಮಗಳಿಗೆ ಈ ದಾರಿ ಸಲ್ಲದೆನ್ನುವವರು ಆ ತಾಯಿಯನ್ನು ನೆನೆಯಲಿ. ಇವರಾರೂ ದಾರಿಯ ಕಷ್ಟವನ್ನು ಹೇಳಿಕೊಂಡು ಮಾನ್ಯತೆ ಬೇಡಲಿಲ್ಲ. ಅರಸನು ತಲುಪಿದ ಊರಿನಲ್ಲಿ ಅರಸನಾಗಿ ಉಳಿಯಲಿಲ್ಲ. ಪಯಣವು ಅವರಿಂದ ಏನನ್ನು ಕಳೆಯಿತೋ ಅದೇ ಅವರ ಗಳಿಕೆಯಾಯಿತು.

ಈ ದೃಷ್ಟಿಯಿಂದ ಸೈಕಲ್ಲನ್ನು ನೋಡಿದರೆ ಅದು ಒಳ್ಳೆಯ ಉಪಾಧ್ಯಾಯನಂತೆ ತೋರುತ್ತದೆ. ಏರುವವನು ತನ್ನ ಕಾಲಿನಿಂದ ತುಳಿಯದ ಹೊರತು ಅದು ಒಂದು ಮಾರೂ ಮುಂದುವರಿಯದು. ಇದು ಕಾಯಕದ ಪಾಠ. ಹೆಚ್ಚು ಹೇರಿದರೆ ಏರಿನಲ್ಲಿ ಉಸಿರು ಕಟ್ಟುತ್ತದೆ. ಇದು ಅಪರಿಗ್ರಹದ ಪಾಠ. ಟ್ಯೂಬು ಒಡೆದಾಗ, ನೀರು ತೀರಿದಾಗ, ಹಾದಿ ತಪ್ಪಿದಾಗ ಅರಿಯದವರ ಬಾಗಿಲಿನಲ್ಲಿ ನಿಂತು ಕೈಯೊಡ್ಡಬೇಕಾಗುತ್ತದೆ. ಇದು ಭೃತ್ಯಾಚಾರದ ಪಾಠ. ಕೊಡುವುದನ್ನು ಕಲಿತ ಗೃಹಸ್ಥರು ಹಲವರಿದ್ದಾರೆ. ಆದರೆ ಕೊಟ್ಟದ್ದನ್ನು ಪ್ರಸಾದವೆಂದು ತಲೆಬಾಗಿ ಕೊಳ್ಳುವುದು ಅದಕ್ಕಿಂತ ಕಠಿಣ. ಅದನ್ನು ದಾರಿಯು ಕಲಿಸುವಷ್ಟು ಚೆನ್ನಾಗಿ ಮನೆಯು ಕಲಿಸದು.

ಪರದೇಶಕ್ಕೆ ಹೊರಡುವ ಮುನ್ನ ಈ ಪಾಠವನ್ನು ನಮ್ಮ ನೆಲದಲ್ಲಿಯೇ ಪರೀಕ್ಷಿಸಿ ನೋಡಬಹುದು. ನೇಕಾರಿಕೆಗೆ ಹೆಸರಾದ ಬೆಟಗೇರಿಯಿಂದ ನಸುಕಿನಲ್ಲಿ ಹೊರಟು, ಗದುಗಿನಿಂದ ಮುಂಡರಗಿಯ ದಾರಿ ಹಿಡಿಯಲಿ. ಮೋಟಾರಿನಲ್ಲಿ ಕುಳಿತವನಿಗೆ ಡಂಬಳವು ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂದೆ ಸರಿದ ಊರು. ಸೈಕಲ್ಲಿನವನು ಬೆವರೊರೆಸಿಕೊಳ್ಳಲೆಂದು ನಿಂತಾಗ, ನಕ್ಷತ್ರಾಕಾರವಾದ ದೊಡ್ಡಬಸಪ್ಪನ ಗುಡಿಯನ್ನು ಕಾಣುತ್ತಾನೆ. ಸುಮಾರು 1095ರ ಶಾಸನವೊಂದು ಇಲ್ಲಿಯ ವ್ಯಾಪಾರಿಗಳು ಬೌದ್ಧರ ತಾರಾದೇವಿಗೆ ಗುಡಿ ಕಟ್ಟಿಸಿದುದನ್ನು ಹೇಳುತ್ತದೆಂದು ತಿಳಿಯುತ್ತಾನೆ. ಮುಂದೆ ಕಪ್ಪತಗುಡ್ಡದ ಸೀಮೆಯ ಎದುರುಗಾಳಿಯು ಅವನ ಗರ್ವವನ್ನು ಅಳೆಯುತ್ತದೆ. ಮುಂಡರಗಿಯಲ್ಲಿ ಅನ್ನದಾನೀಶ್ವರ ಮಠವಿದೆ. ಅನ್ನದಾನವೆಂಬುದು ಹಸಿದು ಬಂದವನಿಗೆ ಮಾತ್ರ ಪೂರ್ಣವಾಗಿ ಅರ್ಥವಾಗುವ ಹೆಸರು. ಗುಡ್ಡವನ್ನು ಬಳಸಿ ಶಿರಹಟ್ಟಿಗೆ ಬಂದರೆ ಹಿಂದೂಗಳೂ ಮುಸಲ್ಮಾನರೂ ಒಂದಾಗಿ ನಡೆದುಕೊಳ್ಳುವ ಫಕೀರೇಶ್ವರ ಮಠವಿದೆ. ಪರಮತದ ನೆಲದಲ್ಲಿ ಹೇಗೆ ನಡೆಯಬೇಕೆಂಬುದನ್ನು ಅಲ್ಲಿಯ ಹೊಸ್ತಿಲೇ ಹೇಳುತ್ತದೆ.

ಅದೇ ತಾಲೂಕಿನ ಮಾಗಡಿಯ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರುತ್ತವೆ. 2024ರಲ್ಲಿ ಈ ಕೆರೆಯು ರಾಮ್‌ಸಾರ್ ಪಟ್ಟಿಗೆ ಸೇರಿ ಲೋಕಮಾನ್ಯವಾಯಿತು. ಆ ಹಕ್ಕಿಗಳು ರಹದಾರಿ ಕೇಳುವುದಿಲ್ಲ, ಕೀರ್ತಿ ಬಯಸುವುದಿಲ್ಲ. ಋತು ಮುಗಿಯಲು ಕೆರೆಯನ್ನು ಕೆರೆಯವರಿಗೇ ಬಿಟ್ಟು ಹೋಗುತ್ತವೆ. ಅಲ್ಲಿಗೆ ಸಮೀಪವಾದ ಲಕ್ಷ್ಮೇಶ್ವರವೇ ಹಿಂದಿನ ಪುಲಿಗೆರೆ. ಸೌರಾಷ್ಟ್ರದಿಂದ ವ್ಯಾಪಾರಕ್ಕೆಂದು ಈ ಊರಿಗೆ ಬಂದ ಆದಯ್ಯನು ತನ್ನ ಸೋಮನಾಥನನ್ನೇ ಇಲ್ಲಿಗೆ ಬರಮಾಡಿಕೊಂಡನೆಂಬ ಕಥೆಯನ್ನು ಹರಿಹರನು ಹಾಡಿದ್ದಾನೆ. ಲಾಭಕ್ಕೆಂದು ಬಂದವನು ಇಲ್ಲಿ ಭಕ್ತಿಯನ್ನು ನೆಟ್ಟನು. ಪರಸ್ಥಳಕ್ಕೆ ಹೋದವನು ಅಲ್ಲಿ ಏನನ್ನು ನೆಡಬೇಕು ಎಂಬುದಕ್ಕೆ ಇದಕ್ಕಿಂತ ಹಿರಿದಾದ ಉತ್ತರವಿಲ್ಲ.

ಆದರೂ ಎಚ್ಚರಿಕೆಯೊಂದು ಬೇಕು. ಇಂತಹ ಪಯಣದಲ್ಲಿ ಅಡಗಿರುವ ಕಳ್ಳನು ಅಹಂಕಾರ. ಎಷ್ಟು ದೇಶ ಸುತ್ತಿದೆ, ಎಷ್ಟು ದೂರ ತುಳಿದೆ ಎಂದು ಎಣಿಸತೊಡಗಿದ ಕ್ಷಣವೇ ಯಾತ್ರೆಯು ಸಂತೆಯಾಗುತ್ತದೆ. ಬಡವರ ಗುಡಿಸಲಿನಲ್ಲಿ ಉಂಡು, ಅವರ ಬಡತನವನ್ನೇ ಚಿತ್ರ ತೆಗೆದು ತೋರಿಸಿ ಹೊಗಳಿಸಿಕೊಳ್ಳುವವನು ಪ್ರಸಾದದ್ರೋಹಿ. ವೃದ್ಧರಾದ ತಂದೆತಾಯಿಗಳನ್ನು ನೋಡುವವರಿಲ್ಲದೆ ಬಿಟ್ಟು ಹೊರಟವನ ಗಾಲಿ ಎಷ್ಟು ಉರುಳಿದರೂ ಸದಾಚಾರದ ಹೊಸ್ತಿಲನ್ನು ದಾಟಲಿಲ್ಲವೆಂದೇ ತಿಳಿಯಬೇಕು.

ಆದುದರಿಂದ ತಂದೆಯು ಮಗನನ್ನು ಗದರುವುದಕ್ಕೆ ಬದಲಾಗಿ ಮೂರು ಮಾತು ಕೇಳಲಿ. "ತಮ್ಮಾ, ದಾರಿಯ ಖರ್ಚು ನಿನ್ನ ಕಾಯಕದ್ದೋ, ಸಾಲದ್ದೋ? ಯಾವ ನಾಡಿನಲ್ಲಿದ್ದರೂ ಕರಸ್ಥಲದ ಲಿಂಗಕ್ಕೆ ಎರಡು ಹೊತ್ತು ಪೂಜೆ ಸಲ್ಲುವುದೋ? ಮರಳಿ ಬಂದ ಮೇಲೆ ದಾಸೋಹಕ್ಕೆ ಏನು ತರುವೆ?" ಈ ಮೂರಕ್ಕೂ ಮಗನು ನೇರವಾಗಿ ಉತ್ತರ ಕೊಟ್ಟರೆ, ತಡೆಯುವುದು ಪ್ರೀತಿಯಲ್ಲ, ಮೋಹ. ಕೈಯೊಳಗೆ ಲಿಂಗವಿರುವವನಿಗೆ ಪರದೇಶವೆಂಬುದಿಲ್ಲ. ತಾಯಿಯು ಈ ಮಾತನ್ನು ನಂಬಿ, ಕಣ್ಣೊರೆಸಿಕೊಂಡು, ಬುತ್ತಿ ಕಟ್ಟಲಿ.

ಮನೆಯಲ್ಲಿ ಉಳಿದವರಿಗೂ ಒಂದು ಸಾಧನೆಯಿದೆ. ಹಂಪೆಗೋ ಬಾದಾಮಿಗೋ ಹೋಗುವ ಪರದೇಶದ ಸೈಕಲ್ ಯಾತ್ರಿಕನೊಬ್ಬನು ಧೂಳಿನಿಂದ ಕೆಂಪಾಗಿ ನಮ್ಮ ಬಾಗಿಲಿಗೆ ಬಂದು ನಿಂತರೆ, ಅವನ ಕುಲಮತಗಳನ್ನು ಕೇಳದೆ ನೀರು ಕೊಟ್ಟು, ರೊಟ್ಟಿ ಬಡಿಸಿ, ಜಗುಲಿಯಲ್ಲಿ ಕಂಬಳಿ ಹಾಸಬೇಕು. ಅದೇ ಹೊತ್ತಿಗೆ ಎಲ್ಲಿಯೋ ಒಬ್ಬ ಅರಿಯದ ತಾಯಿಯು ನಮ್ಮ ಮಗನಿಗೆ ಬಡಿಸುತ್ತಿರುತ್ತಾಳೆ. ಅಲ್ಲಿ ಉಣ್ಣುವವನೂ ಇಲ್ಲಿ ಉಣ್ಣುವವನೂ ಒಬ್ಬನೇ ಶಿವನು.

ಗುರುಲಿಂಗಜಂಗಮರ ಕೃಪೆಯು ಸರ್ವ ಪಥಿಕರನ್ನೂ ಕಾಯಲಿ.