ವರ್ಷಕ್ಕೆ ಐವತ್ತು ಪುಸ್ತಕ

ಹೊಸ ವರ್ಷದ ಮೊದಲ ವಾರ ಬಸವೇಶ್ವರನಗರದಲ್ಲಿರುವ ನನ್ನ ತಮ್ಮನ ಮನೆಗೆ ಹೋಗಿದ್ದೆ. ಕಾಫಿ ಬರುವಷ್ಟರಲ್ಲಿ ಅವನ ಮಗಳು ಒಂದು ನೋಟ್‌ಬುಕ್ಕನ್ನು ತಂದು ನನ್ನ ಮುಂದೆ ಹಿಡಿದಳು. ವರ್ಷ ಮುಗಿಯುವುದರೊಳಗೆ ತಾನು ಓದಿ ಮುಗಿಸಬೇಕೆಂದು ಗೊತ್ತುಮಾಡಿಕೊಂಡ ಪುಸ್ತಕಗಳ ಪಟ್ಟಿ ಅದು. ವಾರಕ್ಕೊಂದರಂತೆ 52 ಹೆಸರುಗಳು. ಬಹುಪಾಲು ಅದ್ಭುತ ಕಥೆಗಳು. ಮಾಂತ್ರಿಕರು, ರೆಕ್ಕೆಯ ಸರ್ಪಗಳು, ಭೂಪಟದಲ್ಲಿಲ್ಲದ ರಾಜ್ಯಗಳು. ಪಟ್ಟಿಯ ಕೊನೆಯ ಹನ್ನೊಂದು ಹೆಸರುಗಳ ಮುಂದೆ ನಕ್ಷತ್ರದ ಗುರುತಿತ್ತು. ಏನೆಂದು ಕೇಳಿದೆ.

“ಅವು ಇನ್ನೂ ಬಂದಿಲ್ಲ ದೊಡ್ಡಪ್ಪ. ಈ ವರ್ಷ ಬರಬಹುದು ಅಂತ ಕಾಯ್ತಾ ಇದೀನಿ” ಎಂದಳು.

ನನಗೆ ನಗು ಬಂತು. “ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತಾಯಿತಲ್ಲೇ!” ಎಂದೆ.

ಅವಳು ಸೋಲುವವಳಲ್ಲ. “ನೀವು ಚಂದಮಾಮಕ್ಕೆ ಕಾಯ್ತಿರಲಿಲ್ವಾ? ಅಪ್ಪ ಎಲ್ಲಾ ಹೇಳಿದ್ದಾರೆ” ಎಂದಳು. ನಾನು ಸುಮ್ಮನಾದೆ.

ನಿಜ, ಕಾಯುತ್ತಿದ್ದೆ. 1949ರಲ್ಲಿ ಕನ್ನಡಕ್ಕೆ ಬಂದ ಆ ಮಾಸಪತ್ರಿಕೆಗಾಗಿ ಕಾಯದ ಮಕ್ಕಳು ನಮ್ಮ ಕಾಲದಲ್ಲಿ ವಿರಳ. ಬೇತಾಳ ಕೇಳುವ ಪ್ರಶ್ನೆಗೆ ಉತ್ತರ ಅದೇ ಸಂಚಿಕೆಯಲ್ಲಿ ಸಿಕ್ಕಿಬಿಡುತ್ತಿತ್ತು. ಆದರೆ ಧಾರಾವಾಹಿಯ ರಾಜಕುಮಾರ ಮಾತ್ರ ಪ್ರತಿ ತಿಂಗಳೂ ಯಾವುದಾದರೊಂದು ಗುಹೆಯ ಬಾಯಲ್ಲಿ ನಮ್ಮನ್ನು ನಿಲ್ಲಿಸಿ ಹೋಗುತ್ತಿದ್ದ. ಮೂವತ್ತು ದಿನ ನಾವು ಅಲ್ಲೇ ನಿಂತಿರಬೇಕು. ಆ ದಿನಗಳಲ್ಲಿ ಗುಹೆಯೊಳಗೆ ಏನೇನಿರಬಹುದೆಂದು ನಾನೂ ನನ್ನ ತಮ್ಮನೂ ಕಟ್ಟಿದ ಕಥೆಗಳಿಗೆ ಲೆಕ್ಕವಿಲ್ಲ. 2013ರಲ್ಲಿ ಪತ್ರಿಕೆ ನಿಂತಿತು. ಮಕ್ಕಳ ಓದು ಅದರೊಡನೆ ನಿಲ್ಲಲಿಲ್ಲ. ಗುಹೆಯ ಬಾಗಿಲುಗಳು ಬೇರೆ ಕಡೆ ತೆರೆದವು, ಅಷ್ಟೆ.

ದೊಡ್ಡವರೂ ಕಾಯುತ್ತಿದ್ದರು. 1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದಾಗ ಅದನ್ನು ನಿಲ್ಲಿಸಿದ್ದು ಚಂದಾದಾರರ ನಂಬಿಕೆಯ ಮೇಲೆ. ಇನ್ನೂ ಅಚ್ಚಾಗದ ಪುಸ್ತಕಕ್ಕೆ ಮೊದಲೇ ಹಣ ಕೊಟ್ಟು ಅಂಚೆಯವನ ದಾರಿ ನೋಡುವುದೆಂದರೆ ಅದೂ ಕುಲಾವಿ ಹೊಲಿಸುವುದೇ. ಆ ಕುಲಾವಿಗಳಿಲ್ಲದಿದ್ದರೆ ಎಷ್ಟೋ ಕೂಸುಗಳು ಹುಟ್ಟುತ್ತಲೇ ಇರಲಿಲ್ಲ. ಆದ್ದರಿಂದ ಬಾರದ ಪುಸ್ತಕಕ್ಕೆ ಕಾಯುವುದು ತಪ್ಪೆಂದು ಹೇಳಲು ನನಗೆ ಧೈರ್ಯವಿಲ್ಲ.

ಆದರೆ ಕಾಯುವವನಿಗೆ ಒಂದು ಪ್ರಶ್ನೆ ಎದುರಾಗುತ್ತದೆ. ಕಾಯುತ್ತಿದ್ದೇನೆಂಬ ಕಾರಣಕ್ಕೆ ಬರೆಯುವವನ ಮೇಲೆ ನನಗೆ ಹಕ್ಕು ಹುಟ್ಟುತ್ತದೆಯೆ? ತಮ್ಮನ ಮಗಳು ಹೇಳಿದ ಸಂಗತಿ ಇದು: ಅಮೆರಿಕದ ಜಾರ್ಜ್ ಮಾರ್ಟಿನ್ ಎಂಬ ಲೇಖಕರು ತಮ್ಮ ದೊಡ್ಡ ಕಥಾಮಾಲೆಯ ಐದನೆಯ ಸಂಪುಟವನ್ನು 2011ರಲ್ಲಿ ಪ್ರಕಟಿಸಿದರು; ಆರನೆಯದಕ್ಕೆ ಓದುಗರು ಹತ್ತು ವರ್ಷಕ್ಕೂ ಹೆಚ್ಚು ಕಾದರು, ಕಾದವರಲ್ಲಿ ಕೆಲವರು ಲೇಖಕರನ್ನು ಸಾಲಗಾರನಂತೆ ಗದರಿಸಿಕೊಂಡರು. ಇತಿಹಾಸದ ಪುಸ್ತಕವಾದರೆ ಒಬ್ಬರು ಬರೆಯದಿದ್ದರೆ ಇನ್ನೊಬ್ಬರದನ್ನು ಓದಬಹುದು. ಅದ್ಭುತ ಕಥೆಯ ರಾಜ್ಯಕ್ಕೆ ಬೀಗದ ಕೈ ಒಬ್ಬನ ಬಳಿಯೇ ಇರುತ್ತದೆ. ಓದುಗನ ಸಂಕಟ ಆದ್ದರಿಂದ ಸುಳ್ಳಲ್ಲ. ಆದರೆ ಸಂಕಟವೆಲ್ಲ ಸಾಲದ ಪತ್ರವಾಗುವುದಿಲ್ಲ. ಕೊಂಡ ಪುಸ್ತಕಕ್ಕೆ ನಾನು ಹಣ ಕೊಟ್ಟೆ, ಅವನು ಪುಸ್ತಕ ಕೊಟ್ಟ. ಅಲ್ಲಿಗೆ ಲೆಕ್ಕ ಚುಕ್ತಾ. ಮಿಕ್ಕದ್ದು ಸ್ನೇಹ. ಸ್ನೇಹದಲ್ಲಿ ಆಸೆ ಪಡಬಹುದು, ಜಪ್ತಿ ತರುವಂತಿಲ್ಲ.

ಈ ವಿಷಯದಲ್ಲಿ ನಾವು ಕನ್ನಡಿಗರು ಒಂದು ಪದವನ್ನು ನೆನೆಯಬೇಕು. ನಾವು ದಿನನಿತ್ಯ ಬಳಸುವ ‘ಕಾದಂಬರಿ’ ಎಂಬ ಮಾತು ಬಂದದ್ದು ಅರ್ಧಕ್ಕೆ ನಿಂತ ಒಂದು ಅದ್ಭುತ ಕಥೆಯಿಂದ. ಏಳನೆಯ ಶತಮಾನದಲ್ಲಿ ಹರ್ಷನ ಆಶ್ರಯದಲ್ಲಿದ್ದ ಬಾಣಭಟ್ಟ ಆ ಗದ್ಯಕಾವ್ಯವನ್ನು ತೊಡಗಿದ. ಗಿಳಿಯೊಂದು ರಾಜನಿಗೆ ಹೇಳುವ ಕಥೆ. ಜನ್ಮಾಂತರಗಳು, ಶಾಪಗಳು, ಚಂದ್ರನೇ ಮನುಷ್ಯನಾಗಿ ಹುಟ್ಟಿಬರುವ ವಿಸ್ಮಯ. ನಾಯಕಿ ಕಾದಂಬರಿಯ ವಿರಹದ ಮಾತು ಇನ್ನೂ ನಡೆಯುತ್ತಿರುವಾಗಲೇ ಬಾಣ ತೀರಿಕೊಂಡ. ಅವನ ಮಗ ಭೂಷಣಭಟ್ಟ ಉಳಿದದ್ದನ್ನು ಬರೆದು ಮುಗಿಸಿದ. ಕವಿತ್ವದ ಹೆಮ್ಮೆಯಿಂದ ಈ ಕೆಲಸಕ್ಕೆ ಕೈಹಾಕಲಿಲ್ಲ, ಕಥೆ ನಿಂತುಹೋಯಿತೆಂದು ಸಜ್ಜನರು ಪಟ್ಟ ದುಃಖವನ್ನು ನೋಡಲಾರದೆ ಹಾಕಿದೆ ಎಂಬರ್ಥದ ಮಾತನ್ನು ಅವನು ಮೊದಲಲ್ಲೇ ಹೇಳಿಕೊಂಡಿದ್ದಾನೆ. ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ನಾಗವರ್ಮ ಈ ಇಡೀ ಕಥೆಯನ್ನು ಕನ್ನಡಕ್ಕೆ ಚಂಪೂಕಾವ್ಯವಾಗಿ ತಂದ. ಅಮೆರಿಕದಲ್ಲೂ ಇಂಥದೇ ನಡೆದಿದೆ. ರಾಬರ್ಟ್ ಜೋರ್ಡನ್ ಎಂಬ ಲೇಖಕ 1990ರಲ್ಲಿ ಆರಂಭಿಸಿದ ಕಥಾಮಾಲೆಯನ್ನು ಮುಗಿಸದೆ 2007ರಲ್ಲಿ ತೀರಿಕೊಂಡ. ಅವನು ಬಿಟ್ಟುಹೋದ ಟಿಪ್ಪಣಿಗಳನ್ನಿಟ್ಟುಕೊಂಡು ಬ್ರ್ಯಾಂಡನ್ ಸ್ಯಾಂಡರ್ಸನ್ ಎಂಬ ಕಿರಿಯ ಲೇಖಕ 2013ರಲ್ಲಿ ಹದಿನಾಲ್ಕನೆಯ ಸಂಪುಟದೊಂದಿಗೆ ಅದನ್ನು ದಡ ಮುಟ್ಟಿಸಿದ. ನಮ್ಮ ಕುಮಾರವ್ಯಾಸ ಭಾರತದ ಹತ್ತು ಪರ್ವಗಳನ್ನಷ್ಟೇ ಹಾಡಿದ. ಉಳಿದವನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದ. ಕಥೆ ಮುಗಿಯಲಿ ಎಂಬ ಆಸೆ ಎಲ್ಲ ಕಾಲದಲ್ಲೂ ಇದ್ದದ್ದೇ. ಆ ಆಸೆಯನ್ನು ಹಕ್ಕೆಂದು ಕೂಗದೆ ಕೆಲಸವಾಗಿ ಮಾಡಿ ತೋರಿಸಿದವರನ್ನು ನಾವು ನೆನೆಯುತ್ತೇವೆ.

ಇನ್ನು ಎಣಿಕೆಯ ಮಾತು. ವರ್ಷಕ್ಕೆ ಇಷ್ಟು ಪುಸ್ತಕವೆಂದು ಸಂಖ್ಯೆ ಕಟ್ಟಿಕೊಳ್ಳುವುದನ್ನು ಹಾಸ್ಯ ಮಾಡುವುದು ಸುಲಭ. ಆದರೆ ನಮ್ಮ ಹಿರಿಯರು ಎಣಿಸುತ್ತಿರಲಿಲ್ಲವೆ? ಜಪಸರದಲ್ಲಿ ಮಣಿಗಳಿವೆ, ಭಾಗವತಕ್ಕೆ ಸಪ್ತಾಹವಿದೆ, ರಾಮಾಯಣ ಪಾರಾಯಣಕ್ಕೆ ಒಂಬತ್ತು ದಿನಗಳ ಕ್ರಮವಿದೆ. ಮನಸ್ಸು ಸೋಮಾರಿ, ಗಡಿಯಾರವನ್ನೋ ಪಂಚಾಂಗವನ್ನೋ ತೋರಿಸದಿದ್ದರೆ ಅದು ಏಳುವುದಿಲ್ಲ. ಸಂಖ್ಯೆಯಿಂದ ಇನ್ನೊಂದು ಲಾಭವೂ ಉಂಟು. ಒಮ್ಮೆ ನಾನು ಲೆಕ್ಕ ಹಾಕಿ ನೋಡಿದೆ. ಇಪ್ಪತ್ತರಿಂದ ಎಪ್ಪತ್ತು ವಯಸ್ಸಿನವರೆಗೆ ವಾರಕ್ಕೊಂದು ಪುಸ್ತಕವನ್ನು ತಪ್ಪದೆ ಓದಿದರೂ ಆಗುವುದು 2,600. ಒಂದು ಅಂಕಣಕ್ಕೆ 45 ಪುಸ್ತಕ, ಒಂದು ಬೀರುವಿಗೆ ಆರು ಅಂಕಣ ಎಂದಿಟ್ಟುಕೊಂಡರೆ ಹತ್ತು ಬೀರುಗಳೂ ತುಂಬುವುದಿಲ್ಲ. ವಿಜಯನಗರದ ಹಂಪಿನಗರದಲ್ಲಿರುವ ಸಾರ್ವಜನಿಕ ಗ್ರಂಥಾಲಯಕ್ಕೆ ಹೋದಾಗಲೆಲ್ಲ, ಪರೀಕ್ಷೆಗೆ ಓದುವ ಹುಡುಗರ ನಡುವೆ ನಿಂತು, ನಾನು ಹತ್ತು ಬೀರುಗಳನ್ನು ಕಣ್ಣಲ್ಲೇ ಅಳೆಯುತ್ತೇನೆ. ಅಲ್ಲಿಗೆ ಮುಗಿಯಿತು ಒಂದು ಜೀವಮಾನದ ಓದು. ಉಳಿದ ಬೀರುಗಳು ನನಗಲ್ಲ. ಇದನ್ನು ತಿಳಿದವನು ಸಿಕ್ಕಿದ್ದನ್ನೆಲ್ಲ ಓದುವುದಿಲ್ಲ, ಆರಿಸುತ್ತಾನೆ. ಪರೀಕ್ಷಿತನಿಗೆ ಉಳಿದದ್ದು ಏಳು ದಿನ. ಅವನು ಶುಕಮುನಿಯಿಂದ ಒಂದನ್ನೇ ಕೇಳಿದ, ಪೂರ್ತಿಯಾಗಿ ಕೇಳಿದ.

ಇಷ್ಟೆಲ್ಲ ತಿಳಿದವನಾದ ನಾನು ಮಾಡಿದ್ದೇನು ಎಂಬುದನ್ನೂ ಹೇಳಿಬಿಡುವುದು ನ್ಯಾಯ.

ನಾಲ್ಕು ವರ್ಷದ ಹಿಂದೆ ನಾನೂ ಒಂದು ಸಂಖ್ಯೆಯನ್ನು ಕಟ್ಟಿಕೊಂಡಿದ್ದೆ: ಐವತ್ತು. ಅದೇ ವರ್ಷ ವಿಜಯನಗರದಲ್ಲಿದ್ದ ನನ್ನ ಹಳೆಯ ಸಹಪಾಠಿಯೊಬ್ಬನ ಕಣ್ಣು ಮಂದವಾಯಿತು. ಪೊರೆಯಾಗಿದ್ದರೆ ತೆಗೆಸಬಹುದಿತ್ತು; ಇದು ಕಣ್ಣಿನ ಒಳಪದರದ ಸವೆತ. ಸಾಲಿನ ಅಂಚು ಕಾಣುತ್ತದೆ, ಅವನು ನೋಡಬೇಕೆಂದ ಅಕ್ಷರವೇ ಅಳಿಸಿಹೋಗುತ್ತದೆ. ಜೀವನವಿಡೀ ಓದಿದವನು. ನನ್ನನ್ನು ಕರೆದು, “ಭಾನುವಾರ ಒಂದು ಗಂಟೆ ಬಂದು ಓದಿ ಹೇಳ್ತೀಯೇನಯ್ಯಾ?” ಎಂದ. ಪುಸ್ತಕವನ್ನೂ ಅವನೇ ಆರಿಸಿಟ್ಟಿದ್ದ: ಕಾದಂಬರಿಯ ಹೊಸಗನ್ನಡ ಗದ್ಯ. ಚಿಕ್ಕಂದಿನಲ್ಲಿ ಅರ್ಧ ಓದಿ ಬಿಟ್ಟಿದ್ದನಂತೆ. “ಕಾದಂ, ಬರಿ! ಹಳಗನ್ನಡದವನು ಕಾದ, ಬರಿದೆ ಕಾದ” ಎಂದು ಶ್ಲೇಷೆ ಮಾಡಿ ನಕ್ಕ. ವ್ಯಾಕರಣ ಒಪ್ಪುವುದಿಲ್ಲವೆಂದು ನಾನೂ ನಕ್ಕೆ.

ರಾಜಾಜಿನಗರದಿಂದ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ ಹೋಗುತ್ತಿದ್ದೆ. ಗಟ್ಟಿಯಾಗಿ ಓದಿದರೆ ಗಂಟೆಗೆ ಹತ್ತು ಹನ್ನೆರಡು ಪುಟ. ಅದರಲ್ಲೂ ಅವನು ನಡುವೆ ನಿಲ್ಲಿಸಿ, “ಆ ವರ್ಣನೆ ಇನ್ನೊಂದು ಸಲ” ಎನ್ನುತ್ತಿದ್ದ. ಮೂರು ತಿಂಗಳಾದರೂ ಪುಸ್ತಕ ಅರ್ಧಕ್ಕೆ ಬರಲಿಲ್ಲ. ಹೋಗುವಾಗ ಬರುವಾಗ ರೈಲಿನಲ್ಲಿ ನಾನು ಓದುತ್ತಿದ್ದ ತೆಳು ಪುಸ್ತಕಗಳು ಮಾತ್ರ ಒಂದೊಂದಾಗಿ ನನ್ನ ಪಟ್ಟಿಗೆ ಸೇರುತ್ತಿದ್ದವು. ಕ್ರಮೇಣ ಆ ಒಂದು ಗಂಟೆ ನನಗೆ ನಷ್ಟದ ಬಾಬ್ತಿನಂತೆ ಕಾಣತೊಡಗಿತು. ಒಂದು ಭಾನುವಾರ ಮಳೆ ಎಂದೆ, ಇನ್ನೊಂದು ಭಾನುವಾರ ನೆಂಟರು ಎಂದೆ. ಎರಡೂ ಪೂರ್ತಿ ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಅಚ್ಛೋದ ಸರೋವರದ ದಡದಲ್ಲಿ, ಸತ್ತ ಪ್ರಿಯನು ಮರಳಿ ಬರುವನೆಂಬ ಮಾತನ್ನು ನಂಬಿ ಮಹಾಶ್ವೇತೆ ತಪಸ್ಸಿಗೆ ಕುಳಿತಿರುವಲ್ಲಿ ನಮ್ಮ ಓದು ನಿಂತಿತು. ಡಿಸೆಂಬರ್ ಕೊನೆಗೆ ನನ್ನ ಪಟ್ಟಿಯಲ್ಲಿ 51 ಪುಸ್ತಕಗಳಿದ್ದವು. ಸಂಕ್ರಾಂತಿ ಕಳೆದ ಮೇಲೆ ಅವನು ಮನೆ ಖಾಲಿ ಮಾಡಿ ಶಿವಮೊಗ್ಗದ ಮಗಳ ಮನೆಗೆ ಹೊರಟುಹೋದ.

ಆ 51ರಲ್ಲಿ ಇಂದು ನನಗೆ ಹೆಸರು ನೆನಪಿರುವುದು ಎಂಟೋ ಹತ್ತೋ. ಪಟ್ಟಿಗೆ ಸೇರದ ಆ ಅರ್ಧ ಪುಸ್ತಕದ ಪುಟಪುಟವೂ, ಅವನು ಇನ್ನೊಂದು ಸಲ ಎಂದ ಜಾಗಗಳ ಸಹಿತ, ನೆನಪಿದೆ.

ಹಾಗಾದರೆ ಸಂಕಲ್ಪ ತಪ್ಪೆ? ತಪ್ಪೆಂದು ಈಗಲೂ ತೋರುವುದಿಲ್ಲ. ತಪ್ಪಿದ್ದದ್ದು ನಾನು ಅದನ್ನು ಇಟ್ಟ ಜಾಗದಲ್ಲಿ. ನನಗೆ ನಾನೇ ಕೊಟ್ಟುಕೊಂಡ ಮಾತು ಒಂದು, ಇನ್ನೊಬ್ಬನಿಗೆ ಕೊಟ್ಟ ಮಾತು ಒಂದು. ಮೊದಲನೆಯದಕ್ಕೆ ಅಂಕಿಯಿತ್ತು, ಎರಡನೆಯದಕ್ಕೆ ಇರಲಿಲ್ಲ. ಅಂಕಿಯುಳ್ಳದ್ದು ಅಂಕಿಯಿಲ್ಲದ್ದನ್ನು ನುಂಗಿತು. ಬದುಕಿನಲ್ಲಿ ಬಹಳ ಕಡೆ ನಡೆಯುವುದು ಹೀಗೆಯೇ. ಸಂಬಳವನ್ನು ಎಣಿಸಬಹುದು, ಮನೆಯವರೊಡನೆ ಕುಳಿತ ಸಂಜೆಯನ್ನು ಎಣಿಸಲಾಗದು. ಆದ್ದರಿಂದ ಸಂಜೆಯೇ ಸೋಲುತ್ತದೆ. ಲೆಕ್ಕ ಇಡುವವನು ಕೆಟ್ಟವನಲ್ಲ. ಲೆಕ್ಕಕ್ಕೆ ಸಿಗದ್ದನ್ನು ಇಲ್ಲವೆಂದುಕೊಳ್ಳುವ ಅಭ್ಯಾಸ ಅವನಿಗೆ ತಿಳಿಯದಂತೆ ಬೆಳೆಯುತ್ತದೆ. ಮಾರ್ಟಿನ್ನರನ್ನು ಗದರಿಸಿದ ಓದುಗರನ್ನು ನಾನು ಆಕ್ಷೇಪಿಸಿದೆನಲ್ಲ, ನನ್ನನ್ನು ಯಾರೂ ಗದರಿಸಲಿಲ್ಲ. ಕಥೆಯನ್ನು ಅರ್ಧಕ್ಕೆ ನಿಲ್ಲಿಸಿದವನು ನಾನೂ ಹೌದು. ನಾನು ಮಾತು ಕೊಟ್ಟಿದ್ದೆ ಕೂಡ.

ಇಷ್ಟನ್ನೂ ತಮ್ಮನ ಮಗಳಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಪಟ್ಟಿ ಹರಿದುಹಾಕ್ಲಾ?” ಎಂದಳು.

“ಬೇಡಮ್ಮ. ಇಟ್ಟುಕೋ. ನಕ್ಷತ್ರದ ಹನ್ನೊಂದನ್ನೂ ಇಟ್ಟುಕೋ” ಎಂದೆ.

“ಮತ್ತೆ ನಿಮ್ಮ ಸ್ನೇಹಿತರಿಗೆ ಫೋನಿನಲ್ಲಿ ಓದಿ ಹೇಳಬಹುದಲ್ಲ ದೊಡ್ಡಪ್ಪ?” ಎಂದಳು. ಈ ಸರಳವಾದ ಮಾತು ನಾಲ್ಕು ವರ್ಷ ನನಗೆ ಹೊಳೆಯಲಿಲ್ಲವೋ, ಹೊಳೆಯಗೊಡಲಿಲ್ಲವೋ ನಾನರಿಯೆ.

ಆ ಭಾನುವಾರವೇ ಶಿವಮೊಗ್ಗಕ್ಕೆ ಫೋನು ಮಾಡಿದೆ. ಕ್ಷೇಮ ಸಮಾಚಾರವಾಯಿತು. ಸಂಕೋಚದಿಂದಲೇ, ಕಥೆಯನ್ನು ಮುಂದುವರಿಸಲೇ ಎಂದು ಕೇಳಿದೆ. ಅವನು ನಕ್ಕು, “ನೀನು ಬರದಿದ್ದ ಮೇಲೆ ಮಿಕ್ಕದ್ದನ್ನ ನಾನೇ ಕಟ್ಟಿಕೊಂಡುಬಿಟ್ಟೆ ಕಣಯ್ಯಾ” ಎಂದ. ಅವನು ಕಟ್ಟಿದ ಕಥೆಯಲ್ಲಿ ಪುಂಡರೀಕ ಮರಳಿ ಬರುವುದಿಲ್ಲ. ಮಹಾಶ್ವೇತೆ ಬಹುಕಾಲ ಕಾಯುತ್ತಾಳೆ. ಕೊನೆಗೊಂದು ಬೆಳಿಗ್ಗೆ ವೀಣೆಯನ್ನೆತ್ತಿಕೊಂಡು ತಾಯಿಯ ಮನೆಗೆ ಹೊರಟುಹೋಗುತ್ತಾಳೆ.

ಭೂಷಣಭಟ್ಟ ಹಾಗೆ ಬರೆದಿಲ್ಲ, ಅವಳು ಕಾದದ್ದು ಬರಿದಾಗಲಿಲ್ಲ ಎಂದು ಹೇಳಲು ಬಾಯಿ ತೆರೆದೆ, ಹೇಳಲಾಗಲಿಲ್ಲ. “ಸರಿ, ಪುಸ್ತಕದಲ್ಲಿ ಏನಿದೆ ನೋಡೋಣ” ಎಂದು ಗುರುತಿಟ್ಟ ಪುಟವನ್ನು ತೆರೆದು ಓದತೊಡಗಿದೆ. ಆ ದಿನ ಒಂಬತ್ತು ಪುಟವಾಯಿತು. ಈ ವರ್ಷದ ನನ್ನ ಪಟ್ಟಿಯಲ್ಲಿರುವುದು ಒಂದೇ ಹೆಸರು. ಅದೂ ಅರ್ಧ ಪುಸ್ತಕ.