ಊರಿಗೆ ಬಂದವಳು, ನೀರಿಗೆ ಬಂದಾಗ

“ಊರಿಗೆ ಬಂದವಳು ನೀರಿಗೆ ಬಾರದಿರುವಳೇ?” ಎಂಬ ಗಾದೆ ಬೆಳಗಾವಿ ಜಿಲ್ಲೆಯ ಕೌಜಲಗಿಯ ಸುತ್ತಿನ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಬಾಯಲ್ಲಿ “ಊರಿಗಿ ಬಂದಾಕಿ ನೀರಿಗಿ ಬರದಽ ಇರತಾಳೇನು?” ಎಂಬ ರೂಪ ತಾಳುತ್ತದೆ. ತಪ್ಪಿಸಿಕೊಂಡು ಓಡಾಡುತ್ತಿರುವವರು ಎಂದಾದರೊಂದು ದಿನ ಕೈಗೆ ಸಿಕ್ಕೇ ಸಿಗುತ್ತಾರೆ ಎಂಬ ಹೊಂಚಿನ ಅರ್ಥದಲ್ಲಿ ಜಗಳದ ನಡುವೆ ಇದನ್ನು ಬಳಸುವುದುಂಟು. ಆದರೆ ಗಾದೆಯೊಳಗಿನ ಚಿತ್ರವನ್ನು ನಿಧಾನವಾಗಿ ನೋಡಿದರೆ ಅಲ್ಲಿ ಹೊಂಚಿಗಿಂತ ಭರವಸೆಯೇ ಹೆಚ್ಚು ಕಾಣುತ್ತದೆ: ಹೊಸಬರನ್ನು ಮನೆಮನೆಗೆ ಹೋಗಿ ಹುಡುಕಬೇಕಾಗಿಲ್ಲ, ಎಲ್ಲರಿಗೂ ಬೇಕಾದದ್ದು ಇರುವ ಜಾಗಕ್ಕೆ ಅವರು ತಾವಾಗಿಯೇ ಬರುತ್ತಾರೆ, ಗುರುತು ಪರಿಚಯ ಅಲ್ಲಿಂದ ಬೆಳೆಯುತ್ತದೆ. ಪ್ರವಾಸದಲ್ಲಿರುವ ಟೆನಿಸ್ ಪ್ರಿಯರು ಅಪರಿಚಿತ ಊರಿನಲ್ಲಿ ಗಳಿಸುವ ಗೆಳೆತನ ಬಹುಕಾಲ ಬಾಳುವುದೇಕೆ ಎಂಬುದನ್ನು ತಿಳಿಯಲು ಈ ಎರಡನೆಯ ಅರ್ಥವೇ ದಾರಿ ತೋರಿಸುತ್ತದೆ.

ಗಾದೆ “ಬಂದವಳು” ಎನ್ನುತ್ತದೆ, “ಬಂದವನು” ಎನ್ನುವುದಿಲ್ಲ. ನೀರು ತರುವುದು ಹೆಂಗಸರ ಕೆಲಸವಾಗಿತ್ತು ಎಂಬುದು ಇದಕ್ಕೆ ಸಾಕಷ್ಟು ಕಾರಣವೆನಿಸಿದರೂ ಇನ್ನೊಂದು ಕಾರಣವೂ ಇದ್ದಂತಿದೆ. ಹುಟ್ಟಿದ ಊರನ್ನು ಬಿಟ್ಟು ಗುರುತಿಲ್ಲದ ಊರಿಗೆ ಹೋಗಿ ನೆಲೆಸುವ ಪ್ರವಾಸ ಹಿಂದಿನ ಹಳ್ಳಿಗಳಲ್ಲಿ ಹೆಚ್ಚಾಗಿ ಮದುವೆಯಾದ ಹೆಣ್ಣಿನ ಪಾಲಿಗೇ ಬರುತ್ತಿತ್ತು. ಅತ್ತೆಯ ಮನೆಯೊಳಗೆ ಸೊಸೆ, ನಾದಿನಿ, ನೆಗೆಣ್ಣಿ ಎಂಬ ನಂಟಿನ ಹೆಸರುಗಳಿಂದಲೇ ಗುರುತಿಸಿಕೊಳ್ಳುತ್ತಿದ್ದ ಆಕೆಗೆ ಗೆಳತಿ ಎಂಬ ಹೆಸರು ಮೊದಲು ಸಿಗುತ್ತಿದ್ದುದು ಬಾವಿಯ ಕಟ್ಟೆಯಲ್ಲಿ ಅಥವಾ ಹೊಳೆಯ ದಂಡೆಯಲ್ಲಿ. ಹಳಗನ್ನಡದಲ್ಲಿ ಸ್ನೇಹವನ್ನು ಸೂಚಿಸುವ “ಕೆಳೆ” ಎಂಬ ಮಾತೇ ಇಂದಿನ ಗೆಳೆಯ, ಗೆಳತಿ, ಗೆಳೆತನಗಳ ಬೇರು. ಹುಟ್ಟಿನಿಂದ ಬರುವ ನಂಟಿಗೆ ಸೇರದ, ತಾನೇ ಗಳಿಸಿಕೊಳ್ಳಬೇಕಾದ ಸಂಬಂಧಕ್ಕೆ ಕನ್ನಡ ಇಷ್ಟು ಹಿಂದಿನಿಂದಲೇ ಒಂದು ಪ್ರತ್ಯೇಕ ಪದವನ್ನು ಇಟ್ಟುಕೊಂಡಿದೆ.

ನೀರಿನ ಜಾಗದಲ್ಲಿ ನಡೆಯುವ ಒಂದು ಸಣ್ಣ ಕ್ರಿಯೆಯನ್ನು ಹತ್ತಿರದಿಂದ ಗಮನಿಸಬೇಕು. ತುಂಬಿದ ಕೊಡವನ್ನು ಸೊಂಟಕ್ಕೆ ಏರಿಸಿಕೊಳ್ಳುವುದು ಒಬ್ಬಳಿಂದಲೇ ಸಾಧ್ಯ, ಆದರೆ ತಲೆಯ ಮೇಲೆ ಸಿಂಬಿ, ಅಂದರೆ ಭಾರ ಒತ್ತದಂತೆ ಬಟ್ಟೆಯನ್ನು ಸುರುಳಿ ಸುತ್ತಿ ಮಾಡಿದ ಬಳೆಯಾಕಾರದ ಮೆತ್ತೆ, ಇಟ್ಟುಕೊಂಡು ಅದರ ಮೇಲೆ ದೊಡ್ಡ ಕೊಡವನ್ನು ತುಳುಕದಂತೆ ಕೂರಿಸಲು ಮತ್ತೊಬ್ಬಳ ಕೈ ಬೇಕು. ಆಕೆ ಯಾರ ಮಗಳು, ಯಾರ ಮನೆಯವಳು ಎಂದು ಕೇಳುವ ಮೊದಲೇ “ತುಸು ಹೊರಿಸವಾ” ಎನ್ನಬೇಕಾಗುತ್ತದೆ. ಹೊರಿಸಿದವಳಿಗೂ ನಾಳೆ ಅದೇ ಕೈಯ ಅಗತ್ಯ ಬೀಳುತ್ತದೆ. ಇಲ್ಲಿ ಉಪಕಾರ ಮಾಡಿದವರು ದೊಡ್ಡವರಾಗುವುದಿಲ್ಲ, ಪಡೆದವರು ಸಣ್ಣವರಾಗುವುದಿಲ್ಲ. ಹೀಗೆ ಹುಟ್ಟಿದ ಪರಿಚಯ ದಿನವೂ ಅದೇ ಕಟ್ಟೆಯಲ್ಲಿ ನವೀಕರಣಗೊಳ್ಳುತ್ತ ಹೋಗುವುದರಿಂದ ಗೆಳೆತನಕ್ಕೆ ಬೇರೆ ಪ್ರಯತ್ನವೇ ಬೇಕಾಗುವುದಿಲ್ಲ.

ಟೆನಿಸ್ ಕೂಡ ಒಬ್ಬರಿಂದ ಆಗದ ಆಟ. ಗೋಡೆಗೆ ಚೆಂಡು ಹೊಡೆದು ಕೈ ಪಳಗಿಸಿಕೊಳ್ಳಬಹುದೇ ಹೊರತು ನೆಟ್‌ನ ಆಚೆ ಇನ್ನೊಬ್ಬರು ನಿಲ್ಲದೆ ಆಟ ಹುಟ್ಟುವುದಿಲ್ಲ. ಈ ಆಟದ ಹೆಸರು “ಹಿಡಿಯಿರಿ”, “ತೆಗೆದುಕೊಳ್ಳಿ” ಎಂಬ ಅರ್ಥದ “ತನೇ” ಎಂಬ ಫ್ರೆಂಚ್ ಮಾತಿನಿಂದ ಬಂದಿದೆ ಎಂಬುದು ನಿಘಂಟುಕಾರರು ಸಾಮಾನ್ಯವಾಗಿ ಒಪ್ಪಿರುವ ವಿವರಣೆ; ಚೆಂಡನ್ನು ಎದುರಿನವರತ್ತ ಹೊಡೆಯುವ ಮುನ್ನ ಅವರನ್ನು ಎಚ್ಚರಿಸುವ ಕೂಗು ಅದು. 1874ರಲ್ಲಿ ವಾಲ್ಟರ್ ವಿಂಗ್‌ಫೀಲ್ಡ್ ಹುಲ್ಲುಹಾಸಿನ ಟೆನಿಸ್‌ಗೆ ಪೇಟೆಂಟ್ ಪಡೆದದ್ದು, 1877ರಲ್ಲಿ ವಿಂಬಲ್ಡನ್ ಆರಂಭವಾದದ್ದು ಆಮೇಲಿನ ಇತಿಹಾಸ. ಎದುರಿಗಿರುವವರನ್ನು ಕರೆಯುವ ಮಾತೇ ಆಟದ ಹೆಸರಾಗಿದೆ ಎಂಬುದು ಇಲ್ಲಿ ಮುಖ್ಯ.

ಅಂಪೈರ್ ಇಲ್ಲದೆ ಆಡುವಾಗ ಈ ಆಟ ಪಾಲಿಸುವ ನಿಯಮವೊಂದು ಗೆಳೆತನದ ದೃಷ್ಟಿಯಿಂದ ಇನ್ನೂ ಬೆಲೆಯುಳ್ಳದ್ದು. ತನ್ನ ಬದಿಯಲ್ಲಿ ಬಿದ್ದ ಚೆಂಡು ಗೆರೆಯ ಒಳಗೋ ಹೊರಗೋ ಎಂಬುದನ್ನು ಆ ಬದಿಯ ಆಟಗಾರನೇ ಹೇಳಬೇಕು, ಎದುರಾಳಿ ಅದನ್ನು ನಂಬಬೇಕು, ಸಂದೇಹ ಉಳಿದರೆ ಚೆಂಡು ಒಳಗೆ ಬಿತ್ತೆಂದೇ ಎಣಿಸಬೇಕು. ತನಗೆ ಲಾಭವಾಗುವ ತೀರ್ಪನ್ನು ಕೊಡುವ ಅಧಿಕಾರ ತನ್ನ ಕೈಯಲ್ಲೇ ಇದ್ದಾಗ ಒಬ್ಬ ವ್ಯಕ್ತಿ ಹೇಗೆ ನಡೆದುಕೊಳ್ಳುತ್ತಾನೆ ಎಂಬುದು ಒಂದು ಸಂಜೆಯೊಳಗೆ, ಕೆಲವೊಮ್ಮೆ ಒಂದೇ ಗೆರೆಯ ಮೇಲೆ, ಬಯಲಾಗುತ್ತದೆ. ಊಟದ ಮೇಜಿನ ಮುಂದೆ ವರ್ಷಗಟ್ಟಲೆ ಮಾತಾಡಿದರೂ ತಿಳಿಯದ ಗುಣ ಸೋಲಿನ ಅಂಚಿನಲ್ಲಿ “ಚೆಂಡು ಒಳಗೇ ಬಿತ್ತು, ಅಂಕ ನಿಮ್ಮದು” ಎಂದವರಲ್ಲಿ ತಕ್ಷಣ ಕಾಣಿಸುತ್ತದೆ. ಪ್ರವಾಸಿಗೆ ಕಾಲ ಕಡಿಮೆ, ಮನುಷ್ಯರನ್ನು ಅರಿಯುವ ಆಸೆ ಹೆಚ್ಚು, ಆದ್ದರಿಂದ ಇಂಥ ಪರೀಕ್ಷೆ ಅವನಿಗೆ ವರವೇ ಸರಿ. ಹೊಸಬರಿಗೆ ಎದುರಾಳಿಯನ್ನು ಒದಗಿಸಲು ಭಾರತದ ಹಳೆಯ ಕ್ಲಬ್ಬುಗಳಲ್ಲಿ ಮಾರ್ಕರ್ ಎಂಬ ಹುದ್ದೆಯೊಂದಿದೆ. ಜೊತೆಗಾರರಿಲ್ಲದೆ ಬಂದವರೊಡನೆ ಆಡುವುದು, ಅವರ ಆಟದ ಮಟ್ಟವನ್ನು ಅಳೆದು ತಕ್ಕ ಸದಸ್ಯರೊಡನೆ ಜೋಡಿಸುವುದು ಮಾರ್ಕರನ ಕೆಲಸ. ಎಷ್ಟೋ ಗೆಳೆತನಗಳನ್ನು ಕೂಡಿಸಿದ ಈ ಕೈಗಳ ಹೆಸರು ಕ್ಲಬ್ಬಿನ ಫಲಕಗಳ ಮೇಲೆ ಕಾಣಿಸುವುದು ಅಪರೂಪ ಎಂಬುದನ್ನು ನೋವಿನಿಂದಲೇ ಹೇಳಬೇಕಾಗಿದೆ.

ಕೌಜಲಗಿಯ ಸೀಮೆಗೆ ಟೆನಿಸ್ ಕೋರ್ಟಿನ ಮಣ್ಣಿಗಿಂತ ಗರಡಿಮನೆಯ ಕೆಮ್ಮಣ್ಣು ಹೆಚ್ಚು ಪರಿಚಿತ. ಜಾತ್ರೆಯ ಜಂಗೀ ನಿಕಾಲಿ ಕುಸ್ತಿಗೆ, ಅಂದರೆ ಸೋಲು ಗೆಲುವು ತೀರ್ಮಾನವಾಗುವವರೆಗೂ ನಡೆಯುವ ಪಂದ್ಯಕ್ಕೆ, ಕೊಲ್ಲಾಪುರದ ಕಡೆಯಿಂದ ಬರುವ ಮರಾಠಿ ಮಾತಿನ ಪೈಲವಾನನೂ ಇಲ್ಲಿನ ಕನ್ನಡದ ಪೈಲವಾನನೂ ಕೈಗೆ ಮಣ್ಣು ತಾಗಿಸಿ ಸಲಾಮಿ ಕೊಟ್ಟುಕೊಂಡ ಮೇಲೆಯೇ ಪಟ್ಟು ಹಾಕುತ್ತಾರೆ. ಮಾತು ಬೇರೆಯಾದರೂ ಒಂದೇ ಮಣ್ಣು ಇಬ್ಬರನ್ನೂ ಕೂಡಿಸುತ್ತದೆ. ಕಲೆಯಲ್ಲಿಯೂ ಇದೇ ದಾರಿ: ಶ್ರೀಕೃಷ್ಣ ಪಾರಿಜಾತವೆಂಬ ಜನಪದ ರಂಗಪ್ರಕಾರವನ್ನು ಬೆಳೆಸಿದ ಕುಲಗೋಡ ತಮ್ಮಣ್ಣ ಈ ನೆರೆಯವನೇ, ಅದನ್ನು ಆಡಿ ಹೆಸರಾದ ಕೌಜಲಗಿ ನಿಂಗಮ್ಮ ತನ್ನ ಊರಿನ ಹೆಸರನ್ನೇ ತನ್ನ ಹೆಸರಿನ ಮುಂದೆ ಹೊತ್ತು ನಡೆದವಳು. ಪಾರಿಜಾತದ ಹುಚ್ಚು ಇದ್ದ ಊರಿನಲ್ಲಿ ಪಾರಿಜಾತದವರು ಪರಕೀಯರಾಗಲು ಸಾಧ್ಯವಿರಲಿಲ್ಲ.

ಇಷ್ಟಾದರೂ ಗಾದೆಯ ಪ್ರಶ್ನೆಗೆ ಎಲ್ಲ ಕಾಲದಲ್ಲಿಯೂ ಒಂದೇ ಉತ್ತರ ದೊರೆತಿಲ್ಲ ಎಂಬುದನ್ನು ಮರೆಯುವ ವ್ಯಾಖ್ಯಾನ ಅಪ್ರಾಮಾಣಿಕವಾಗುತ್ತದೆ. ಊರಿಗೆ ಬಂದವರಿರಲಿ, ಊರಿನಲ್ಲೇ ಹುಟ್ಟಿದವರೂ ನೀರಿಗೆ ಬಾರದಂತೆ ತಡೆದ ಬಾವಿಗಳು, ಕೆರೆಗಳು ಈ ನಾಡಿನಲ್ಲಿದ್ದವು. ಮಹಾರಾಷ್ಟ್ರದ ಮಹಾಡದ ಚವದಾರ ಕೆರೆಯ ನೀರನ್ನು ಮುಟ್ಟುವ ಹಕ್ಕಿಗಾಗಿ ಡಾ. ಬಿ. ಆರ್. ಅಂಬೇಡ್ಕರರು 1927ರ ಮಾರ್ಚ್ 20ರಂದು ಸತ್ಯಾಗ್ರಹ ನಡೆಸಬೇಕಾಯಿತು. ಟೆನಿಸ್ ಅಂಗಳಗಳೂ ಈ ದೋಷದಿಂದ ಹೊರತಾಗಿರಲಿಲ್ಲ. ಬ್ರಿಟಿಷರ ಕ್ಲಬ್ಬುಗಳ ಬಾಗಿಲು ಭಾರತೀಯರಿಗೆ ಮುಚ್ಚಿದ್ದ ಕಾಲದಲ್ಲಿಯೇ, 1917ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಮುಂದಾಳುತನದಲ್ಲಿ ಬೆಂಗಳೂರಿನ ಸೆಂಚುರಿ ಕ್ಲಬ್ ಆರಂಭವಾಯಿತು. ಇಂದಿಗೂ ರ‍್ಯಾಕೆಟ್ಟಿನ ಬೆಲೆ, ಕ್ಲಬ್ಬಿನ ಶುಲ್ಕಗಳು ಹಳ್ಳಿಯ ಎಷ್ಟೋ ಮಕ್ಕಳನ್ನು ಕಟ್ಟೆಯ ಹೊರಗೇ ನಿಲ್ಲಿಸುತ್ತವೆ. ಗಾದೆ ನಿಜವಾಗಬೇಕಾದರೆ ಮೊದಲು ನೀರು ಎಲ್ಲರದ್ದಾಗಬೇಕು.

ಕೌಜಲಗಿಯಿಂದ ಬಹಳ ದೂರವಲ್ಲದ ಧಾರವಾಡದಲ್ಲಿ 2023ರಲ್ಲಿ ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟದ ಪುರುಷರ ಟೂರ್ನಿ ನಡೆಯಿತು. ಈ ಹಂತದ ಟೂರ್ನಿಗಳಲ್ಲಿ ಡಬಲ್ಸ್, ಅಂದರೆ ಇಬ್ಬರು ಒಂದು ಬದಿಯಾಗಿ ಆಡುವ ಜೋಡಿ ಆಟಕ್ಕೆ, ಸ್ಥಳದಲ್ಲಿಯೇ ಹೆಸರು ಬರೆಸಿ ಸೇರುವ ಅವಕಾಶವೂ ಇರುವುದರಿಂದ ದೂರದೂರದಿಂದ ಒಬ್ಬಂಟಿಯಾಗಿ ಬಂದವರು ಅಂಗಳದ ಅಂಚಿನಲ್ಲಿಯೇ ಜೊತೆಗಾರರನ್ನು ಹುಡುಕಿಕೊಳ್ಳುವುದುಂಟು. ಕೊಡ ಹೊರಿಸುವ ಕೈಗಾಗಿ ಕಟ್ಟೆಯ ಮೇಲೆ ಅತ್ತಿತ್ತ ನೋಡುವುದಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ.

ಜೋಡಿ ಆಟ ಕಟ್ಟಿದ ಗೆಳೆತನಗಳಲ್ಲಿ ಕನ್ನಡ ನಾಡು ನೆನೆಯಲೇಬೇಕಾದದ್ದು ಕೊಡಗಿನ ರೋಹನ್ ಬೋಪಣ್ಣ ಮತ್ತು ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಅವರದು. 2010ರ ಅಮೆರಿಕನ್ ಓಪನ್ ಟೂರ್ನಿಯಲ್ಲಿ ಅವರು ಫೈನಲ್ ತಲುಪಿ, ಅಮೆರಿಕದ ಬ್ರಯನ್ ಸಹೋದರರಿಗೆ ಎರಡೂ ಸೆಟ್‌ಗಳನ್ನು 7-6ರ ಕೂದಲೆಳೆಯ ಅಂತರದಲ್ಲಿ ಬಿಟ್ಟುಕೊಟ್ಟಾಗ, ವಿಶ್ವಸಂಸ್ಥೆಯಲ್ಲಿದ್ದ ಭಾರತ ಮತ್ತು ಪಾಕಿಸ್ತಾನಗಳ ರಾಯಭಾರಿಗಳು ಒಂದೇ ಕಡೆ ಕುಳಿತು ಆಟ ನೋಡಿದ್ದರು. ಯುದ್ಧ ನಿಲ್ಲಿಸಿ ಟೆನಿಸ್ ಆರಂಭಿಸಿ ಎಂಬ ಕರೆಯನ್ನು ಅಂಗಿಯ ಮೇಲೆ ಧರಿಸಿದ ಈ ಇಬ್ಬರು ವಾಘಾ ಗಡಿಯ ಮೇಲೆ ನೆಟ್ ಕಟ್ಟಿ, ಭಾರತದ ಬದಿಯಲ್ಲಿ ಒಬ್ಬರು, ಪಾಕಿಸ್ತಾನದ ಬದಿಯಲ್ಲಿ ಇನ್ನೊಬ್ಬರು ನಿಂತು ಆಡುವ ಆಸೆಯನ್ನೂ ಹೇಳಿಕೊಂಡಿದ್ದರು. 2012ರ ಒಲಿಂಪಿಕ್ಸ್‌ಗಾಗಿ ಬೋಪಣ್ಣ ಮಹೇಶ್ ಭೂಪತಿಯೊಡನೆ ಜೋಡಿ ಕಟ್ಟಿದ್ದರಿಂದ ಹಳೆಯ ಜೋಡಿ ಬೇರೆಯಾಯಿತು. 2014ರಲ್ಲಿ ಅವರು ಮತ್ತೆ ಒಂದೇ ಬದಿಯಲ್ಲಿ ನಿಂತು ಪ್ರಶಸ್ತಿ ಗೆದ್ದದ್ದು ದುಬೈಯಲ್ಲಿ. ಅದು ಇಬ್ಬರದ್ದೂ ಅಲ್ಲದ ಊರು. ಅಲ್ಲಿಗೆ ಇಬ್ಬರೂ ಬಂದವರೇ.